ಡಬ್ಬಾ ಸ್ಪೀಕರ್ ಬಿಟ್ಟು ದೊಡ್ಡ ಎಲೆಕ್ಟ್ರೋಸ್ಟ್ಯಾಟಿಕ್ ಪ್ಯಾನೆಲ್‌ಗೆ: ಕೋಣೆಯಿಂದ ಶುರುಮಾಡುವ ಸಮಗ್ರ ಮಾರ್ಗದರ್ಶಿ

ಡಬ್ಬಾ ಸ್ಪೀಕರ್ ಎತ್ತಿಟ್ಟು, ಅದೇ ಜಾಗದಲ್ಲಿ ಆಳೆತ್ತರದ ಪ್ಯಾನೆಲ್ ನಿಲ್ಲಿಸಿ, ಅದೇ ತಂತಿ ಸಿಕ್ಕಿಸಿ, ಅದೇ ಆಂಪ್ಲಿಫೈಯರ್‌ನಲ್ಲಿ ಹಾಡು ಹಾಕಿದರೆ ಬಹುಪಾಲು ನಿರಾಶೆಯೇ ಗತಿ. ದನಿ ತೆಳ್ಳಗೆ ಕೇಳುತ್ತದೆ, ಬಾಸ್ ಎಲ್ಲೋ ಕಳೆದುಹೋಗಿರುತ್ತದೆ, ತಲೆ ಸ್ವಲ್ಪ ಆಚೀಚೆ ಆದರೆ ಹೊಳಪು ಮಾಯವಾಗುತ್ತದೆ. ತಪ್ಪು ಪ್ಯಾನೆಲ್‌ನದ್ದಲ್ಲ. ಇಲ್ಲಿ ಬದಲಾಗುವುದು ಬರೀ ಸ್ಪೀಕರ್ ಅಲ್ಲ. ಮುಂದಕ್ಕೆ ಹೊರಟಷ್ಟೇ ಶಬ್ದ ಹಿಂದಕ್ಕೂ ಹೊರಡುತ್ತದೆ, ಹಾಗಾಗಿ ಹಿಂದಿನ ಗೋಡೆಯೂ ಸ್ಪೀಕರಿನ ಒಂದು ಭಾಗವಾಗುತ್ತದೆ. ಆದ್ದರಿಂದ ಮೊದಲು ಕೋಣೆ, ಆಮೇಲೆ ಆಂಪ್ಲಿಫೈಯರ್, ಕೊನೆಗೆ ಪ್ಯಾನೆಲ್. ಹೆಚ್ಚಿನವರು ಇದನ್ನೇ ತಿರುಗುಮುರುಗಾಗಿ ಮಾಡಿ ಕೈ ಸುಟ್ಟುಕೊಳ್ಳುತ್ತಾರೆ.

ಒಳಗೆ ಏನು ನಡೆಯುತ್ತದೆ

ಕೆಲವೇ ಮೈಕ್ರಾನ್ ದಪ್ಪದ ಪಾಲಿಯೆಸ್ಟರ್ ಪೊರೆಯೊಂದನ್ನು ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ಅದರ ಮೇಲೆ ವಿದ್ಯುತ್ತನ್ನು ಅಷ್ಟಿಷ್ಟೇ ಹರಿಯಬಿಡುವ ತೆಳು ಲೇಪನ. ಎರಡೂ ಬದಿಯಲ್ಲಿ, ಒಂದೆರಡು ಮಿಲಿಮೀಟರ್ ಅಂತರದಲ್ಲಿ, ತೂತುಗಳಿರುವ ಲೋಹದ ಹಾಳೆ ಅಥವಾ ತಂತಿಗಳ ಸಾಲು ಇರುತ್ತದೆ. ಇವೇ ಸ್ಟೇಟರ್‌ಗಳು. ಪೊರೆಗೆ ಸಾವಿರಾರು ವೋಲ್ಟ್‌ಗಳ ಸ್ಥಿರ ವೋಲ್ಟೇಜ್ ಕೊಡುತ್ತಾರೆ, ಇದೇ ಬಯಾಸ್. ಆಂಪ್ಲಿಫೈಯರ್ ಕೊಡುವ ಹತ್ತಿಪ್ಪತ್ತು ವೋಲ್ಟ್ ಸಂಗೀತವನ್ನು ಟ್ರಾನ್ಸ್‌ಫಾರ್ಮರ್ ಸಾವಿರಗಳಿಗೆ ಏರಿಸಿ ಸ್ಟೇಟರ್‌ಗಳಿಗೆ ಹಾಯಿಸುತ್ತದೆ. ಒಂದು ಸ್ಟೇಟರ್ ಎಳೆಯುವಾಗ ಇನ್ನೊಂದು ತಳ್ಳುತ್ತದೆ, ಪೊರೆ ಅಲುಗುತ್ತದೆ. ಪೀಟರ್ ವಾಕರ್ ರೂಪಿಸಿ 1957ರಲ್ಲಿ ಮಾರುಕಟ್ಟೆಗೆ ಬಂದ ಕ್ವಾಡ್ ಕಂಪನಿಯ ಮೊದಲ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್‌ನಲ್ಲಿ ಬಾಸ್ ಭಾಗಕ್ಕೆ 6,000 ವೋಲ್ಟ್, ಟ್ರೆಬಲ್ ಭಾಗಕ್ಕೆ 1,500 ವೋಲ್ಟ್ ಬಯಾಸ್ ಇತ್ತು. ಈ ಲೆಕ್ಕ ಇಂದಿಗೂ ಹೆಚ್ಚೇನೂ ಬದಲಾಗಿಲ್ಲ.

ಈ ಪೊರೆ ಎಷ್ಟು ಹಗುರವೆಂದರೆ, 6 ಮೈಕ್ರಾನ್ ದಪ್ಪದ ಒಂದು ಚದರ ಮೀಟರ್ ಪೊರೆ ತೂಗುವುದು ಎಂಟು ಗ್ರಾಂ ಚಿಲ್ಲರೆ. ಅದರ ಎದುರಿಗಿರುವ ಏಳು ಮಿಲಿಮೀಟರ್ ಗಾಳಿಯ ತೂಕವೂ ಅಷ್ಟೇ. ಪೊರೆಗೆ ತನ್ನದೇ ಆದ ಭಾರವಿಲ್ಲ, ಅದು ಗಾಳಿಯ ಜೊತೆಗೇ ಹೋಗಿ ಜೊತೆಗೇ ನಿಲ್ಲುತ್ತದೆ. ತಂತಿ ಮೀಟಿದ ಕ್ಷಣ, ಉಸಿರೆಳೆದ ಸದ್ದು, ಕೋಣೆಯ ಗುಂಗು ಇವೆಲ್ಲ ಬಿಡಿಬಿಡಿಯಾಗಿ ಕೇಳುವುದು ಇದರಿಂದಲೇ.

ಇದಕ್ಕೆ ತೆರಬೇಕಾದ ಬೆಲೆ ಎರಡು. ಹಿಂದಿನಿಂದ ಹೊರಡುವ ಅಲೆ ಮುಂದಿನದಕ್ಕೆ ವಿರುದ್ಧ. ಕೆಲವು ನೂರು ಹರ್ಟ್ಜ್‌ಗಿಂತ ಕೆಳಗೆ ಎರಡೂ ಪ್ಯಾನೆಲ್‌ನ ಅಂಚು ಸುತ್ತಿ ಬಂದು ಒಂದನ್ನೊಂದು ನುಂಗಿಹಾಕುತ್ತವೆ. ಎರಡನೆಯದು, ಪೊರೆಗೆ ಅಲುಗಾಡಲು ಸಿಗುವ ಜಾಗ ಮಿಲಿಮೀಟರ್‌ಗಳಷ್ಟೇ. ಬಾಸ್ ಬೇಕೆಂದರೆ ಪ್ಯಾನೆಲ್ ದೊಡ್ಡದಿರಬೇಕು ಎನ್ನುವುದು ಇದಕ್ಕೇ. ಆಡಂಬರಕ್ಕಲ್ಲ.

ಯಾವ ಬಗೆಯದು

ಮೂರು ದಾರಿಗಳಿವೆ. ಪೂರ್ಣ ಶ್ರೇಣಿಯ ಪ್ಯಾನೆಲ್‌ನಲ್ಲಿ ಬಾಸ್‌ನಿಂದ ಟ್ರೆಬಲ್‌ವರೆಗೆ ಎಲ್ಲವೂ ಪೊರೆಯಿಂದಲೇ ಬರುತ್ತದೆ. ದನಿ ಒಂದೇ ಬಟ್ಟೆಯಿಂದ ಕತ್ತರಿಸಿದಂತೆ ಇರುತ್ತದೆ. ಆದರೆ ಜಾಗ, ಎತ್ತರ, ಆಂಪ್ಲಿಫೈಯರ್ ಮೂರೂ ಧಾರಾಳವಾಗಿ ಬೇಕು. ಹೈಬ್ರಿಡ್‌ನಲ್ಲಿ ಸುಮಾರು 200ರಿಂದ 500 ಹರ್ಟ್ಜ್ ಒಳಗೆ ಎಲ್ಲೋ ಒಂದು ಕಡೆ ಕೆಲಸ ಕೈಬದಲಾಗಿ, ಕೆಳಗಿನದನ್ನು ಡಬ್ಬಾ ವೂಫರ್ ನೋಡಿಕೊಳ್ಳುತ್ತದೆ. ಕೋಣೆ ಚಿಕ್ಕದಿದ್ದರೆ, ತಬಲಾ, ಡ್ರಮ್ಸ್‌ನ ಪೆಟ್ಟು ಎದೆಗೆ ತಾಗಬೇಕಿದ್ದರೆ ಇದೇ ವಾಸಿ. ಕೈಬದಲಾಗುವ ಗೆರೆ ಕೆಲವು ಮಾದರಿಗಳಲ್ಲಿ ಕಿವಿಗೆ ಬೀಳುತ್ತದೆ. ಗಂಡು ದನಿಯ ಕೆಳಸ್ವರ ಮತ್ತು ಸೆಲ್ಲೊ ಹಾಕಿ ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಮೂರನೆಯದು ಪೂರ್ಣ ಶ್ರೇಣಿಯ ಪ್ಯಾನೆಲ್ ಜೊತೆಗೆ ಬೇರೆಯೇ ಸಬ್‌ವೂಫರ್. ದುಡಿಮೆ ಹೆಚ್ಚು, ಫಲವೂ ಹೆಚ್ಚು.

ಇನ್ನು ಚಪ್ಪಟೆಯೋ ಬಾಗಿದ್ದೋ ಎಂಬ ಪ್ರಶ್ನೆ. 30 ಸೆಂ.ಮೀ. ಅಗಲದ ಚಪ್ಪಟೆ ಪ್ಯಾನೆಲ್ 10,000 ಹರ್ಟ್ಜ್ ಶಬ್ದವನ್ನು ಟಾರ್ಚಿನ ಬೆಳಕಿನಂತೆ ಬಿಡುತ್ತದೆ. ನಡುಗೆರೆಯಿಂದ ಆರೂವರೆ ಡಿಗ್ರಿ ಪಕ್ಕಕ್ಕೆ ಹೋದರೆ ಆ ಸ್ವರ ಹೆಚ್ಚುಕಡಿಮೆ ಪೂರ್ತಿ ಇಲ್ಲ. ಮೂರು ಮೀಟರ್ ದೂರ ಕೂತವರಿಗೆ ಅದು ತಲೆ ಒಂದಡಿ ಸರಿಸಿದಷ್ಟೇ. ಒಬ್ಬರೇ ಕೂತು ಕೇಳುವವರಿಗೆ ಇದು ವರ. ಪಕ್ಕದ ಗೋಡೆಗೆ ಟ್ರೆಬಲ್ ತಾಗುವುದೇ ಇಲ್ಲ. ನಾಲ್ಕು ಜನ ಕೂತು ಕೇಳುವ ಮನೆಗೆ ಬಾಗಿದ ಪ್ಯಾನೆಲ್ ಬೇಕು, ಇಲ್ಲವೇ 1981ರ ಕ್ವಾಡ್ ಇಎಸ್‌ಎಲ್-63ರಲ್ಲಿ ಬಂದಂತೆ ಉಂಗುರ ಉಂಗುರವಾಗಿ ತಡಮಾಡಿ ಶಬ್ದ ಹೊರಡಿಸುವ ವಿನ್ಯಾಸ ಬೇಕು. ಬಾಗಿದವು ಕೂಡ ಎಲ್ಲ ಮೂಲೆಗೂ ಒಂದೇ ರೀತಿ ಹಂಚುವುದಿಲ್ಲ. 30 ಡಿಗ್ರಿಯಷ್ಟು ಹರವು ಇದ್ದರೆ ಸೋಫಾಗೆ ಸಾಕು, ಇಡೀ ಕೋಣೆಗಲ್ಲ.

ಹಂತ 1: ಕೋಣೆ ಅಳೆಯಿರಿ, ರಟ್ಟು ನಿಲ್ಲಿಸಿ

ಕೊಳ್ಳಬೇಕೆಂದಿರುವ ಪ್ಯಾನೆಲ್‌ನ ಎತ್ತರ, ಅಗಲ ನೋಡಿ ಅದೇ ಅಳತೆಯ ಎರಡು ರಟ್ಟು ಕತ್ತರಿಸಿ. ಹಿಂಗೋಡೆಯಿಂದ ಕನಿಷ್ಠ 1 ಮೀಟರ್, ಸಾಧ್ಯವಾದರೆ 1.5 ಮೀಟರ್ ಮುಂದೆ ನಿಲ್ಲಿಸಿ. ಒಂದು ವಾರ ಹಾಗೇ ಇರಲಿ. ಬಾಗಿಲು ತೆರೆಯುತ್ತದೆಯೇ, ಓಡಾಟಕ್ಕೆ ಅಡ್ಡವೇ, ಕಿಟಕಿಯ ಬಿಸಿಲು ನೇರ ಬೀಳುತ್ತದೆಯೇ, ಮನೆಯವರ ತಾಳ್ಮೆ ಎಷ್ಟು, ಎಲ್ಲವೂ ಆ ವಾರದಲ್ಲಿ ಗೊತ್ತಾಗುತ್ತದೆ. ವಾರ ಕಳೆಯುವಷ್ಟರಲ್ಲಿ ರಟ್ಟು ಗೋಡೆಗೆ ಒರಗಿದ್ದರೆ ನಿಮಗೆ ಈ ಜಾತಿಯ ಸ್ಪೀಕರ್ ಆಗಿಬರುವುದಿಲ್ಲ.

ಗೋಡೆಯ ದೂರಕ್ಕೆ ಇಷ್ಟು ಒತ್ತು ಏಕೆಂದರೆ, ಹಿಂದಿನ ಅಲೆ ಗೋಡೆಗೆ ಬಡಿದು ಹಿಂತಿರುಗಿ ಮುಂದಿನ ಅಲೆಯನ್ನು ಸೇರುತ್ತದೆ. ಹೊರಡುವಾಗಲೇ ತಿರುವುಮುರುವಾಗಿದ್ದ ಅಲೆ ಇದು. ಹಾಗಾಗಿ ಲೆಕ್ಕ ಡಬ್ಬಾ ಸ್ಪೀಕರ್‌ನದಕ್ಕೆ ಉಲ್ಟಾ. ದೂರ 1 ಮೀಟರ್ ಆದರೆ ಸುಮಾರು 86 ಹರ್ಟ್ಜ್‌ನಲ್ಲಿ ಉಬ್ಬು, 171 ಹರ್ಟ್ಜ್‌ನಲ್ಲಿ ಗುಂಡಿ. 1.5 ಮೀಟರ್ ಆದರೆ ಉಬ್ಬು 57ಕ್ಕೆ, ಗುಂಡಿ 114ಕ್ಕೆ ಇಳಿಯುತ್ತದೆ. 60 ಸೆಂ.ಮೀ.ಗೆ ಒತ್ತಿದರೆ ಗುಂಡಿ 286 ಹರ್ಟ್ಜ್‌ಗೆ ಏರಿ, ಮನುಷ್ಯರ ದನಿಯ ಮೈಯಲ್ಲೇ ತೂತು ಬೀಳುತ್ತದೆ. ಸೂತ್ರ ಸುಲಭ: 343ನ್ನು ದೂರದ ಎರಡರಷ್ಟರಿಂದ ಭಾಗಿಸಿದರೆ ಗುಂಡಿ, ನಾಲ್ಕರಷ್ಟರಿಂದ ಭಾಗಿಸಿದರೆ ಉಬ್ಬು.

ಸಮಯದ ಲೆಕ್ಕವೂ ಇದೆ. 1 ಮೀಟರ್ ದೂರವಿದ್ದರೆ ಹಿಂದಿನ ಅಲೆ ಸುಮಾರು 6 ಮಿಲಿಸೆಕೆಂಡ್ ತಡವಾಗಿ ಕಿವಿಗೆ ಬರುತ್ತದೆ, 1.5 ಮೀಟರ್ ಇದ್ದರೆ 9ರ ಹತ್ತಿರ. ತಡವಾದಷ್ಟೂ ಮೆದುಳು ಅದನ್ನು ಬೇರೆ ಮಾಡಿ, ಕೋಣೆಯ ಆಳವೆಂದು ಓದಿಕೊಳ್ಳುತ್ತದೆ. ಬೇಗ ಬಂದರೆ ಮೂಲ ದನಿಗೇ ಮೆತ್ತಿಕೊಂಡು ಮಬ್ಬಾಗುತ್ತದೆ.

ಪಕ್ಕದ ಗೋಡೆಯ ವಿಷಯದಲ್ಲಿ ಮಾತ್ರ ನೆಮ್ಮದಿ. ಪ್ಯಾನೆಲ್‌ನ ಅಂಚಿನ ನೇರಕ್ಕೆ ಎರಡೂ ಅಲೆಗಳು ರದ್ದಾಗುವುದರಿಂದ ಶಬ್ದ ತೀರಾ ಕಡಿಮೆ. 30–50 ಸೆಂ.ಮೀ. ಹತ್ತಿರ ಇಟ್ಟರೂ ನಡೆದೀತು. ಉದ್ದ 5, ಅಗಲ 4 ಮೀಟರ್‌ಗಿಂತ ಚಿಕ್ಕ ಕೋಣೆಯಲ್ಲಿ ಎರಡು ಮೀಟರ್ ಎತ್ತರದ ಪ್ಯಾನೆಲ್‌ಗೆ ಆಸೆಪಡಬೇಡಿ. ಹಾಸಿಗೆ ಇದ್ದಷ್ಟೇ ಕಾಲು ಚಾಚಿ, ಚಿಕ್ಕ ಹೈಬ್ರಿಡ್ ನೋಡಿ.

ಹಂತ 2: ಆಂಪ್ಲಿಫೈಯರ್ ಪರೀಕ್ಷೆ

ಪ್ಯಾನೆಲ್ ವಿದ್ಯುತ್ ದೃಷ್ಟಿಯಲ್ಲಿ ಒಂದು ಕೆಪ್ಯಾಸಿಟರ್. ಸ್ವರ ಏರಿದಂತೆ ಇಂಪೀಡೆನ್ಸ್, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, ಇಳಿಯುತ್ತಾ ಹೋಗುತ್ತದೆ. ಹೆಸರಿಗೆ 4 ಓಮ್ ಎಂದು ಬರೆದಿದ್ದರೂ 20,000 ಹರ್ಟ್ಜ್‌ನಲ್ಲಿ 1 ಓಮ್ ಆಸುಪಾಸಿಗೆ, ಕೆಲವು ಹೈಬ್ರಿಡ್‌ಗಳಲ್ಲಿ ಅದಕ್ಕೂ ಕೆಳಗೆ ಹೋಗುತ್ತದೆ. ಸಂಗೀತದಲ್ಲಿ ಅಷ್ಟು ಮೇಲಿನ ಸ್ವರಗಳಿಗೆ ಶಕ್ತಿ ಕಡಿಮೆ, ಹಾಗಾಗಿ ಆಂಪ್ ಸುಟ್ಟುಹೋಗುವ ಭಯಕ್ಕಿಂತ ಅದು ಅಲುಗಾಡಿ ತಾನೇ ಊಳಿಡಲು ಶುರುಮಾಡುವ ಭಯ ದೊಡ್ಡದು. ಕೊಳ್ಳುವ ಮೊದಲು ಇಷ್ಟು ನೋಡಿ:

ಒಂದು, 2 ಓಮ್ ಹೊರೆಗೆ ಆಂಪ್ ಅಳುಕದೆ ಕೆಲಸಮಾಡುತ್ತದೆಂದು ತಯಾರಕರೇ ಬರೆದಿರಬೇಕು. 8 ಓಮ್‌ಗೆ 100 ವ್ಯಾಟ್ ಕೊಡುವುದು 4 ಓಮ್‌ಗೆ 180–200 ಕೊಟ್ಟರೆ ಒಳಗಿನ ವಿದ್ಯುತ್ ಸರಬರಾಜು ಗಟ್ಟಿ ಎಂದರ್ಥ. 4 ಓಮ್‌ಗೆ 120ಕ್ಕೇ ನಿಂತರೆ ಬೇಡ. ದೊಡ್ಡ ಪೂರ್ಣ ಶ್ರೇಣಿಯ ಪ್ಯಾನೆಲ್‌ಗೆ 100ರಿಂದ 200 ವ್ಯಾಟ್ ಇರಲಿ. ಕ್ವಾಡ್‌ನ ಮೊದಲ ಪ್ಯಾನೆಲ್ 15 ವ್ಯಾಟ್‌ನ ವಾಲ್ವ್ ಆಂಪ್ ಜೊತೆ ಬಳಸಲೆಂದು ಮಾಡಿದ್ದು. ಅದಕ್ಕೆ 200 ವ್ಯಾಟ್ ತುರುಕಿದರೆ ಪೊರೆ ಸುಡುತ್ತದೆ. ಹಳೆಯ ಮಾದರಿ ಕೊಳ್ಳುವವರು ಮೇಲಿನ ಮಿತಿಯನ್ನೂ ನೋಡಬೇಕು.

ಎರಡು, ಔಟ್‌ಪುಟ್ ಇಂಪೀಡೆನ್ಸ್. ವಾಲ್ವ್ ಆಂಪ್‌ಗಳಲ್ಲಿ ಇದು 1–2 ಓಮ್ ಇರುವುದುಂಟು. ಪ್ಯಾನೆಲ್ 1 ಓಮ್‌ಗೆ ಇಳಿಯುವ ಜಾಗದಲ್ಲಿ ಆಂಪ್‌ನದೂ 1 ಓಮ್ ಇದ್ದರೆ ಟ್ರೆಬಲ್ ತುದಿ ಸುಮಾರು 3 ಡೆಸಿಬೆಲ್ ಕುಗ್ಗುತ್ತದೆ, 2 ಓಮ್ ಇದ್ದರೆ 7. ಕೆಲವರಿಗೆ ಈ ಮೃದುತ್ವವೇ ಹಿತ. ಅದು ರುಚಿಯ ಮಾತು, ಆದರೆ ಅದನ್ನು ಪ್ಯಾನೆಲ್‌ನ ಗುಣವೆಂದು ತಿಳಿಯಬಾರದು.

ಮೂರು, ಕ್ಲಾಸ್-ಡಿ ಆಂಪ್, ಅಂದರೆ ವಿದ್ಯುತ್ತನ್ನು ಅತಿ ವೇಗವಾಗಿ ಆನ್-ಆಫ್ ಮಾಡುತ್ತಾ ಕೆಲಸಮಾಡುವ ಬಗೆ. ಇವುಗಳ ಹೊರದಾರಿಯಲ್ಲಿ ಕಾಯಿಲ್ ಮತ್ತು ಕೆಪ್ಯಾಸಿಟರ್‌ನ ಫಿಲ್ಟರ್ ಇರುತ್ತದೆ. ಪ್ಯಾನೆಲ್‌ನ ಕೆಪ್ಯಾಸಿಟೆನ್ಸ್ ಅದಕ್ಕೆ ಸೇರಿ ಟ್ರೆಬಲ್‌ನಲ್ಲಿ ಉಬ್ಬು ತರಬಲ್ಲದು. ಫಿಲ್ಟರ್ ದಾಟಿದ ಮೇಲೆ ಫೀಡ್‌ಬ್ಯಾಕ್ ತೆಗೆದುಕೊಳ್ಳುವ ವಿನ್ಯಾಸಗಳು ಇದನ್ನು ಸುಮಾರಾಗಿ ತಡೆದುಕೊಳ್ಳುತ್ತವೆ.

ನಾಲ್ಕು, ಮಲ್ಟಿಮೀಟರ್ ಹಿಡಿದು ಆಂಪ್‌ನ ಔಟ್‌ಪುಟ್‌ನಲ್ಲಿ ಡಿಸಿ ಅಳೆಯಿರಿ. ಹಾಡಿಲ್ಲದೆ, ಬಿಸಿಯಾದ ಮೇಲೆ 20 ಮಿಲಿವೋಲ್ಟ್ ಒಳಗಿದ್ದರೆ ನಿಶ್ಚಿಂತೆ. 100 ದಾಟಿದರೆ ಮೊದಲು ರಿಪೇರಿ ಮಾಡಿಸಿ. ಟ್ರಾನ್ಸ್‌ಫಾರ್ಮರ್‌ನ ಕೋರ್ ಈ ಡಿಸಿಯಿಂದಲೇ ತುಂಬಿಹೋಗಿ ಬಾಸ್ ಒಡೆಯುತ್ತದೆ.

ಆಂಪ್ ಚೆನ್ನಾಗಿದ್ದೂ ಅಂಚಿನಲ್ಲಿ ತಡವರಿಸುತ್ತಿದ್ದರೆ ಪ್ಲಸ್ ತಂತಿಗೆ ಸರಣಿಯಲ್ಲಿ 0.5ರಿಂದ 1 ಓಮ್, 10 ವ್ಯಾಟ್‌ಗಿಂತ ಹೆಚ್ಚಿನ, ಇಂಡಕ್ಟೆನ್ಸ್ ಇಲ್ಲದ ರೆಸಿಸ್ಟರ್ ಒಂದನ್ನು ಹಾಕಿ. ಟ್ರೆಬಲ್ ತುಸು ಕಡಿಮೆಯಾಗುತ್ತದೆ, ಆಂಪ್ ಉಸಿರಾಡುತ್ತದೆ.

ತಂತಿ, ಪ್ಲಗ್

ಸ್ಪೀಕರ್ ತಂತಿ 2.5 ಚದರ ಮಿ.ಮೀ. ತಾಮ್ರ ಇದ್ದರೆ ಸಾಕು. 5 ಮೀಟರ್‌ಗೆ, ಹೋಗಿಬರುವ ದಾರಿ ಸೇರಿ, 0.07 ಓಮ್ ಆಗುತ್ತದೆ. ಉದ್ದಕ್ಕಿಂತ ಮುಖ್ಯವಾದದ್ದು ಎರಡು ಎಳೆಗಳು ಅಂಟಿಕೊಂಡಿರುವುದು. ಬಿಡಿಸಿ ದೂರ ಓಡಿಸಿದರೆ ಇಂಡಕ್ಟೆನ್ಸ್ ಹೆಚ್ಚಿ, ಪ್ಯಾನೆಲ್‌ನ ಕೆಪ್ಯಾಸಿಟೆನ್ಸ್ ಜೊತೆ ಆಟವಾಡಿ ಟ್ರೆಬಲ್ ತುದಿಯ ಸಮತೋಲ ಕೆಡುತ್ತದೆ. ಮೋನೊ ಆಂಪ್‌ಗಳನ್ನು ಪ್ಯಾನೆಲ್ ಪಕ್ಕದಲ್ಲೇ ಇಟ್ಟು ತಂತಿಯನ್ನು ಒಂದೆರಡು ಮೀಟರ್‌ಗೆ ಇಳಿಸುವುದು ಎಲ್ಲಕ್ಕಿಂತ ಒಳ್ಳೆಯದು. ದುಬಾರಿ ತಂತಿಯ ಮಾತು ಮಂತ್ರಕ್ಕಿಂತ ಉಗುಳೇ ಜಾಸ್ತಿ ಎನ್ನುವಂಥದ್ದು.

ಪ್ರತಿ ಪ್ಯಾನೆಲ್‌ಗೂ ಬಯಾಸ್‌ಗಾಗಿ ವಿದ್ಯುತ್ ಬೇಕು. ಕೆಲವೇ ವ್ಯಾಟ್, ಆದರೆ ಹತ್ತಿರದಲ್ಲಿ ಅರ್ತ್ ಇರುವ ಸಾಕೆಟ್ ಇರಬೇಕು. ಬೇರೆ ದೇಶದಿಂದ ಬಂದ ಪ್ಯಾನೆಲ್ ಆದರೆ ಹಿಂಬದಿಯ ಚೀಟಿ ಓದದೆ ಪ್ಲಗ್ ಮುಟ್ಟಬೇಡಿ. 110 ವೋಲ್ಟ್‌ನದನ್ನು 230ಕ್ಕೆ ಚುಚ್ಚಿದರೆ ಬಯಾಸ್ ಎರಡರಷ್ಟಾಗಿ ಪೊರೆಗೂ ಸ್ಟೇಟರ್‌ಗೂ ನಡುವೆ ಕಿಡಿ ಹಾರುತ್ತದೆ, ಪೊರೆಯಲ್ಲಿ ತೂತು ಬೀಳುತ್ತದೆ. ಹಿಂಬದಿಯ ಮುಚ್ಚಳ ಬಿಚ್ಚುವ ಕುತೂಹಲ ಬೇಡವೇ ಬೇಡ. ಬಯಾಸ್‌ನ ಕರೆಂಟ್ ಅತ್ಯಲ್ಪ, ಆದರೆ ಸಂಗೀತ ಏರಿಸುವ ಟ್ರಾನ್ಸ್‌ಫಾರ್ಮರ್ ಹಿಂದೆ ಆಂಪ್‌ನ ಪೂರ್ತಿ ಶಕ್ತಿ ಇರುತ್ತದೆ. ಅದು ಜೀವ ತೆಗೆಯಬಲ್ಲದು. ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ

ಹಳೆಯ ಪ್ಯಾನೆಲ್‌ಗಳ ಮಾರುಕಟ್ಟೆ ದೊಡ್ಡದು. ಪೊರೆಯ ಲೇಪನ ವರ್ಷಗಳಲ್ಲಿ ಸವೆಯುತ್ತದೆ, ಬಯಾಸ್ ಏರಿಸುವ ಡಯೋಡ್ ಮತ್ತು ಕೆಪ್ಯಾಸಿಟರ್‌ಗಳ ಏಣಿಯೂ ಸೊರಗುತ್ತದೆ. ನೋಡಲು ಹೋಗುವ ಮೊದಲೇ, ಎರಡು ಪ್ಯಾನೆಲ್‌ಗಳನ್ನೂ ಹಿಂದಿನ ರಾತ್ರಿಯಿಂದ ಪ್ಲಗ್‌ನಲ್ಲಿ ಇಡಲು ಹೇಳಿ. ಅಲ್ಲಿ ಹೋದ ಮೇಲೆ ಮೋನೊ ಹಾಡೊಂದನ್ನು ಹಾಕಿ, ದನಿ ಸರಿಯಾಗಿ ನಡುವೆ ನಿಲ್ಲುತ್ತದೆಯೇ ನೋಡಿ. ಒಂದು ಬದಿಗೆ ವಾಲಿದರೆ ಆಂಪ್‌ನಲ್ಲಿ ಎಡ ಬಲ ತಂತಿಗಳನ್ನು ಅದಲುಬದಲು ಮಾಡಿ. ಆಗಲೂ ಅದೇ ಬದಿಗೆ ವಾಲಿದರೆ ದೋಷ ಪ್ಯಾನೆಲ್‌ನದ್ದು.

ಆಮೇಲೆ ಕತ್ತಲೆ ಮಾಡಿ. ಹಾಡು ನಿಲ್ಲಿಸಿ ಒಂದೈದು ನಿಮಿಷ ಪ್ಯಾನೆಲ್ ಪಕ್ಕದಲ್ಲಿ ಕಿವಿಗೊಟ್ಟು ನಿಲ್ಲಿ. ಟಿಕ್ ಟಿಕ್ ಸದ್ದು, ಸುಯ್ ಎನ್ನುವ ಸೋರಿಕೆ, ನೀಲಿ ಮಿಣುಕು, ಓಝೋನ್‌ನ ಚುರುಕು ವಾಸನೆ, ಯಾವುದಿದ್ದರೂ ವಿದ್ಯುತ್ ಸೋರುತ್ತಿದೆ. ಟಾರ್ಚ್ ಓರೆಯಾಗಿ ಬಿಟ್ಟು ಪೊರೆಯಲ್ಲಿ ಸುಕ್ಕು, ಸಡಿಲು ಇದೆಯೇ ನೋಡಿ. ಕೊನೆಗೆ ಸಣ್ಣ ದನಿಯಲ್ಲಿ ಹಾಡು ನಡೆಯುತ್ತಿರುವಾಗಲೇ ಎರಡರ ಪ್ಲಗ್‌ಗಳನ್ನೂ ಒಟ್ಟಿಗೆ ಕಿತ್ತು, ದನಿ ಹೇಗೆ ಕುಗ್ಗುತ್ತದೆಂದು ಕೇಳಿ. ಎಷ್ಟು ಹೊತ್ತು ಎನ್ನುವುದು ಮಾದರಿಯಿಂದ ಮಾದರಿಗೆ ಬೇರೆ, ಆದರೆ ಒಂದು ಇನ್ನೊಂದಕ್ಕಿಂತ ಬೇಗ ಸತ್ತರೆ ಅದರ ಚಾರ್ಜ್ ಎಲ್ಲೋ ಸೋರುತ್ತಿದೆ ಎಂದು ಬರೆದಿಟ್ಟುಕೊಳ್ಳಿ. ಇಎಸ್‌ಎಲ್-63ರಂಥ ಕೆಲವು ಮಾದರಿಗಳಲ್ಲಿ ಕಿಡಿ ಕಂಡೊಡನೆ ರಕ್ಷಣಾ ಸರ್ಕ್ಯೂಟ್ ಇನ್‌ಪುಟ್ ಅನ್ನೇ ಶಾರ್ಟ್ ಮಾಡುತ್ತದೆ. ದೋಷವಿರುವ ಜೋಡಿಗೆ ರಕ್ಷಣೆಯಿಲ್ಲದ ಆಂಪ್ ಕಟ್ಟಿದರೆ ಹೋಗುವುದು ಆಂಪ್.

ಸಾಗಿಸುವಾಗ ನಿಂತ ಭಂಗಿಯಲ್ಲೇ ಇರಲಿ, ಇಬ್ಬರು ಹಿಡಿಯಲಿ, ಬೆರಳು ಚೌಕಟ್ಟಿನ ಮೇಲೆ ಮಾತ್ರ.

ಹಂತ 3: ಹಳೆಯದನ್ನು ಅಳೆದು ಇಟ್ಟುಕೊಳ್ಳಿ

ಡಬ್ಬಾ ಸ್ಪೀಕರ್ ಮಾರುವ ಮೊದಲು ಅದರ ಅಳತೆ ಬೇಕು. ಕ್ಯಾಲಿಬ್ರೇಟ್ ಮಾಡಿದ ಯುಎಸ್‌ಬಿ ಮೈಕ್ ಒಂದು, ಉಚಿತವಾಗಿ ಸಿಗುವ ರೂಮ್ ಇಕ್ಯೂ ವಿಝಾರ್ಡ್ ತಂತ್ರಾಂಶ, ಅಷ್ಟೇ ಸಾಮಗ್ರಿ. ಮೈಕನ್ನು ಕೂರುವ ಜಾಗದಲ್ಲಿ ಕಿವಿಯ ಎತ್ತರಕ್ಕೆ ನಿಲ್ಲಿಸಿ, 75 ಡೆಸಿಬೆಲ್ ಮಟ್ಟದಲ್ಲಿ 20ರಿಂದ 20,000 ಹರ್ಟ್ಜ್‌ವರೆಗೆ ಏರುತ್ತಾ ಹೋಗುವ ಪರೀಕ್ಷಾ ಸ್ವರ (ಸ್ವೀಪ್) ಓಡಿಸಿ, ಎಡ ಬಲ ಬೇರೆ ಬೇರೆಯಾಗಿ ಉಳಿಸಿ. ಹೊಸದು ಬಂದಾಗ “ಬಾಸ್ ಕಡಿಮೆಯಾಯಿತೇ” ಎಂಬ ಗೊಂದಲಕ್ಕೆ ಈ ಗ್ರಾಫೇ ಉತ್ತರ. ಬಹಳ ಸಲ ಕಡಿಮೆಯಾಗಿರುವುದು ಬಾಸ್ ಅಲ್ಲ, ಡಬ್ಬಾ ಕೋಣೆಯಲ್ಲಿ ಎಬ್ಬಿಸುತ್ತಿದ್ದ ಗುಂಯ್‌ಗುಟ್ಟು.

ಹಂತ 4: ನಿಲ್ಲಿಸಿ, ಚಾರ್ಜ್ ಆಗಲು ಬಿಡಿ

ಕ್ರಮ ಹೀಗೆ. ಆಂಪ್ ಆಫ್ ಮಾಡಿ. ಪ್ಯಾನೆಲ್‌ಗಳನ್ನು ಜಾಗದಲ್ಲಿ ನಿಲ್ಲಿಸಿ. ಸ್ಪೀಕರ್ ತಂತಿ ಬಿಗಿಯಾಗಿ ತಿರುಗಿಸಿ. ಪ್ಲಸ್ ಪ್ಲಸ್‌ಗೆ ಹೋಗಿದೆಯೇ ಎರಡು ಸಲ ನೋಡಿ, ಬಿಡಿ ಎಳೆಯೊಂದು ಪಕ್ಕದ ಟರ್ಮಿನಲ್ ಮುಟ್ಟದಿರಲಿ. ಬಯಾಸ್ ಪ್ಲಗ್ ಹಾಕಿ. ಆಂಪ್ ಕೊನೆಗೆ. ಆಫ್ ಮಾಡುವಾಗ ಆಂಪ್ ಮೊದಲು.

ಲೇಪನದ ರೆಸಿಸ್ಟೆನ್ಸ್ ತೀರಾ ಹೆಚ್ಚಿರುವುದರಿಂದ ಚಾರ್ಜ್ ಇಡೀ ಪೊರೆಗೆ ಹರಡಲು ಹೊತ್ತು ಬೇಕು. ಮೊದಲ ನಿಮಿಷಗಳಲ್ಲಿ ಒಂದು ಜೋರು, ಇನ್ನೊಂದು ಸಣ್ಣಗೆ ಕೇಳಿದರೆ ಗಾಬರಿ ಬೇಡ. ಒಂದು ದಿನ ಪ್ಲಗ್‌ನಲ್ಲಿಟ್ಟು ಆಮೇಲೆ ತೀರ್ಪು ಕೊಡಿ.

ಹಂತ 5: ಜಾಗ ಹುಡುಕುವುದು

ಇಡೀ ಕೆಲಸದ ಜೀವಾಳ ಇದು. ಒಂದು ಸಂಜೆಯಲ್ಲಿ ಮುಗಿಯುವುದಿಲ್ಲ, ಮುಗಿಸಬಾರದು.

ಶುರುವಿಗೆ ಹಿಂಗೋಡೆಯಿಂದ 1.2 ಮೀಟರ್, ಎರಡು ಪ್ಯಾನೆಲ್‌ಗಳ ನಡುಗೆರೆಗಳ ನಡುವೆ 2.2 ಮೀಟರ್, ಕೂರುವ ಜಾಗ 2.8 ಮೀಟರ್ ದೂರ. ಕುರ್ಚಿಯ ಹಿಂದೆಯೂ ಒಂದು ಮೀಟರ್‌ನಷ್ಟು ಬಯಲಿರಲಿ. ನೆಲಕ್ಕೆ ಕಾಗದದ ಟೇಪು ಅಂಟಿಸಿ ಗುರುತು ಹಾಕುತ್ತಾ ಹೋಗಿ. ಇಲ್ಲದಿದ್ದರೆ ನಿನ್ನೆಯ ಒಳ್ಳೆಯ ಜಾಗ ಇಂದು ಸಿಗುವುದಿಲ್ಲ.

ಮೊದಲು ಮುಂದೆ ಹಿಂದೆ. ಡಬಲ್ ಬಾಸ್ ಮೆಟ್ಟಿಲಿನಂತೆ ಇಳಿಯುವ ಹಾಡು ಹಾಕಿ, ಎರಡನ್ನೂ ಸಮನಾಗಿ 5 ಸೆಂ.ಮೀ. ಸರಿಸುತ್ತಾ ಕೇಳಿ. ಯಾವ ಸ್ವರವೂ ಹಾರಿ ಬೀಳದೆ, ಯಾವುದೂ ಅಡಗದೆ ಇರುವ ಜಾಗ ಬೇಕು. ಸ್ವೀಪ್ ಓಡಿಸಿದರೆ 50ರಿಂದ 200 ಹರ್ಟ್ಜ್ ನಡುವೆ ಗುಂಡಿ ಮೇಲೆ ಕೆಳಗೆ ಹೋಗುವುದು ಕಣ್ಣಿಗೇ ಕಾಣುತ್ತದೆ. ಎಡದ್ದು ಬಲದ್ದು ಗೋಡೆಯಿಂದ ಒಂದೇ ದೂರ ಇರಲೇಬೇಕೆಂದಿಲ್ಲ ಎಂದು ಕೆಲವರು ವಾದಿಸುತ್ತಾರೆ. ಬಾಸ್ ಮಟ್ಟಿಗೆ ಅದು ಸರಿಯೇ, ಆದರೆ ಕಿವಿಯಿಂದ ಎರಡರ ದೂರವೂ ಒಂದೇ ಆಗಿರಬೇಕು.

ಆಮೇಲೆ ಒಳಮುಖದ ತಿರುವು. ಚಪ್ಪಟೆ ಪ್ಯಾನೆಲ್ ಆದರೆ ನೇರ ಕುರ್ಚಿಯತ್ತ ನೋಡಲಿ. ಬಾಗಿದ್ದಾದರೆ ಕುರ್ಚಿಯಲ್ಲಿ ಕೂತು ಟಾರ್ಚನ್ನು ಗದ್ದದ ಕೆಳಗೆ ಹಿಡಿದು ಪ್ಯಾನೆಲ್ ಮೇಲೆ ಬೆಳಕು ಬಿಡಿ. ಬೆಳಕಿನ ಪ್ರತಿಬಿಂಬ ಪ್ಯಾನೆಲ್‌ನ ಒಳಬದಿಯ ಮೂರನೇ ಒಂದು ಭಾಗದಲ್ಲಿ ಕಾಣಬೇಕು, ಎರಡರಲ್ಲೂ ಒಂದೇ ಜಾಗದಲ್ಲಿ. ಇಲ್ಲಿ ಇನ್ನೊಂದು ಗುಟ್ಟಿದೆ. ಹೀಗೆ ಮುಂದಕ್ಕೂ ಹಿಂದಕ್ಕೂ ವಿರುದ್ಧ ಅಲೆ ಬಿಡುವ ಸ್ಪೀಕರ್, ಅಂದರೆ ಡೈಪೋಲ್, ಕೋಣೆಯ ಬಾಸ್ ಅಲೆಗಳನ್ನು ಒತ್ತಡದಿಂದಲ್ಲ, ಗಾಳಿಯ ಚಲನೆಯಿಂದ ಕೆಣಕುತ್ತದೆ. ಹಾಗಾಗಿ ತಿರುವು ಬದಲಿಸಿದರೆ ಟ್ರೆಬಲ್ ಮಾತ್ರವಲ್ಲ, ಬಾಸ್‌ನ ಹದವೂ ಬದಲಾಗುತ್ತದೆ. ಡಬ್ಬಾ ಸ್ಪೀಕರ್‌ನ ಅನುಭವ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಈಗ ಸೂಕ್ಷ್ಮ ಕೆಲಸ. ತಲೆ ಇರುವ ಜಾಗದಿಂದ ಪ್ರತಿ ಪ್ಯಾನೆಲ್‌ನ ನಡುಗೆರೆಗೆ ಲೇಸರ್ ಟೇಪು ಹಿಡಿದು ಅಳೆಯಿರಿ. ವ್ಯತ್ಯಾಸ 5 ಮಿ.ಮೀ. ಒಳಗಿರಲಿ. ರಸಮಟ್ಟ ಇಟ್ಟು ಎರಡೂ ಒಂದೇ ಕೋನದಲ್ಲಿ ನಿಂತಿವೆಯೇ ನೋಡಿ. ಎತ್ತರದ ಪ್ಯಾನೆಲ್ ಒಂದು ಡಿಗ್ರಿ ಹಿಂದಕ್ಕೆ ವಾಲಿದರೂ 2 ಮೀಟರ್ ಮೇಲೆ ತುದಿ 3.5 ಸೆಂ.ಮೀ. ಸರಿದಿರುತ್ತದೆ. ಮೋನೊ ಪಿಂಕ್ ನಾಯ್ಸ್ (ಜಲಪಾತದಂತೆ ಭೋರ್ಗರೆಯುವ ಪರೀಕ್ಷಾ ಸದ್ದು) ಹಾಕಿ. ಶಬ್ದ ಎರಡರ ನಡುವೆ ಕಂಬದಂತೆ ಕಿರಿದಾಗಿ ನಿಂತರೆ ಗೆದ್ದಿರಿ. ಹರಡಿಕೊಂಡು ತಲೆಯ ಸುತ್ತ ತೇಲಿದರೆ ಒಂದು ಬದಿಯ ಪ್ಲಸ್ ಮೈನಸ್ ಅದಲುಬದಲಾಗಿದೆ.

ದೂರದ ವಿಷಯದಲ್ಲಿ ಒಂದು ಮಾತು. ಡಬ್ಬಾ ಸ್ಪೀಕರ್‌ನಿಂದ ದೂರ ಎರಡರಷ್ಟಾದರೆ ನೇರ ಶಬ್ದ 6 ಡೆಸಿಬೆಲ್ ಇಳಿಯುತ್ತದೆ, ನೆಲದಿಂದ ಸೂರಿನ ಹತ್ತಿರಕ್ಕೆ ನಿಂತ ಪ್ಯಾನೆಲ್‌ನಿಂದ 3 ಮಾತ್ರ. ಹತ್ತಿರ ಹೋದಾಗ ಅಬ್ಬರವಿಲ್ಲ, ದೂರ ಹೋದಾಗ ಬಡವಾಗುವುದಿಲ್ಲ. ಇದರಿಂದ ಎಷ್ಟು ಜೋರಾಗಿ ಹಾಕಿದ್ದೇವೆಂಬ ಅಂದಾಜು ತಪ್ಪುತ್ತದೆ. ವಾಲ್ಯೂಮ್ ಏರಿಸುವ ಮೊದಲು ಮೀಟರ್ ನೋಡುವ ಅಭ್ಯಾಸ ಒಳ್ಳೆಯದು.

ಹಿಂಗೋಡೆಗೆ ಏನು ಮಾಡಬೇಕು

ಮೊದಲ ತಿಂಗಳು ಏನೂ ಮಾಡಬೇಡಿ. ಅಂಗಡಿಯಲ್ಲಿ ಸಿಗುವ ಎರಡೂವರೆ ಸೆಂ.ಮೀ. ಫೋಮ್ ಅಂಟಿಸುವುದು ಎಲ್ಲರೂ ಮಾಡುವ ತಪ್ಪು. ಅದು ಟ್ರೆಬಲ್ ಮಾತ್ರ ಕುಡಿದು, ಮಿಡ್ ಮತ್ತು ಬಾಸ್ ಹಾಗೇ ಬಿಟ್ಟು, ಹಿಂದಿನ ಅಲೆಯನ್ನು ಮಂಕು ಮಾಡುತ್ತದೆ. ಹೀರಿಸಲೇಬೇಕಿದ್ದರೆ 10 ಸೆಂ.ಮೀ. ದಪ್ಪದ ಖನಿಜ ಉಣ್ಣೆಯ ಹಲಗೆ, ಗೋಡೆಯಿಂದ ಇನ್ನೊಂದು 10 ಸೆಂ.ಮೀ. ಬಿಟ್ಟು. ಗೋಡೆ ದೂರ ಸಾಕಷ್ಟಿದ್ದರೆ ಹೀರಿಸುವುದಕ್ಕಿಂತ ಚದುರಿಸುವುದು ಮೇಲು. ಆಳ ಬೇರೆಬೇರೆಯಾದ ಪುಸ್ತಕಗಳು ಏರುಪೇರಾಗಿ ತುಂಬಿದ ಕಪಾಟು ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಗಾಜು ಮಾತ್ರ ಬೇಡ. ಹಿಂದೆ ದೊಡ್ಡ ಕಿಟಕಿ ಇದ್ದರೆ ದಪ್ಪ ಪರದೆ ಎಳೆಯಿರಿ.

ಸಬ್‌ವೂಫರ್ ಬೆಸೆಯುವುದು

ಪೂರ್ಣ ಶ್ರೇಣಿಯ ಪ್ಯಾನೆಲ್‌ಗೆ ಸಬ್ ಸೇರಿಸುವವರು ಮಾಡುವ ಮೊದಲ ತಪ್ಪು, ಪ್ಯಾನೆಲ್ ಅನ್ನು ಹಾಗೇ ಪೂರ್ತಿ ಓಡಲು ಬಿಟ್ಟು ಕೆಳಗೆ ಸಬ್ ತುಂಬುವುದು. ಪ್ಯಾನೆಲ್‌ಗೂ 70 ಹರ್ಟ್ಜ್ ಸುತ್ತ ಹೈಪಾಸ್, ಅಂದರೆ ಅದಕ್ಕಿಂತ ಕೆಳಗಿನದನ್ನು ತಡೆಯುವ ಫಿಲ್ಟರ್, ಹಾಕಿ. ಟ್ರಾನ್ಸ್‌ಫಾರ್ಮರ್ ಕೋರ್ ತುಂಬುವುದು ನಿಲ್ಲುತ್ತದೆ, ಪೊರೆ ಸ್ಟೇಟರ್‌ಗೆ ಬಡಿಯುವುದು ನಿಲ್ಲುತ್ತದೆ, ಮಿಡ್ ಸ್ವಚ್ಛವಾಗುತ್ತದೆ, ಒಟ್ಟು ಜೋರು ಕೂಡ ಹೆಚ್ಚಾಗಿ ಸಿಗುತ್ತದೆ.

ಕ್ರಮ: ಡಿಎಸ್‌ಪಿಯಲ್ಲಿ (ಶಬ್ದವನ್ನು ಡಿಜಿಟಲ್ ಆಗಿ ತಿದ್ದುವ ಉಪಕರಣ) ಎರಡಕ್ಕೂ 70 ಹರ್ಟ್ಜ್, ಆಕ್ಟೇವ್‌ಗೆ 24 ಡೆಸಿಬೆಲ್ ಇಳಿಜಾರು ಹಾಕಿ. ಕುರ್ಚಿಯಲ್ಲಿ ಮೈಕ್ ಇಟ್ಟು ಸಬ್ ಒಂದನ್ನೇ, ಪ್ಯಾನೆಲ್ ಒಂದನ್ನೇ ಅಳೆದು ಮಟ್ಟ ಹೊಂದಿಸಿ. ಈಗ ಸಬ್‌ನ ಪೋಲಾರಿಟಿ (ಪ್ಲಸ್ ಮೈನಸ್) ಉಲ್ಟಾ ಮಾಡಿ, ಎರಡನ್ನೂ ಒಟ್ಟಿಗೆ ಓಡಿಸಿ, ಪ್ಯಾನೆಲ್‌ನ ಡಿಲೇಯನ್ನು ಅರ್ಧ ಮಿಲಿಸೆಕೆಂಡ್‌ನಂತೆ ಏರಿಸುತ್ತಾ 70 ಹರ್ಟ್ಜ್ ಬಳಿ ಅತ್ಯಂತ ಆಳದ ಗುಂಡಿ ಬರುವ ಜಾಗ ಹುಡುಕಿ. ಸಿಕ್ಕ ಮೇಲೆ ಪೋಲಾರಿಟಿ ನೇರ ಮಾಡಿ. ಗುಂಡಿ ಎಷ್ಟು ಆಳವಿತ್ತೋ ಬೆಸುಗೆ ಅಷ್ಟು ಚೆನ್ನಾಗಿ ಕೂತಿರುತ್ತದೆ. ಕುರ್ಚಿ ಅರ್ಧ ಮೀಟರ್ ಸರಿಸಿದರೆ ಮಟ್ಟವನ್ನು ಮತ್ತೆ ಹೊಂದಿಸಬೇಕು, ಏಕೆಂದರೆ ಸಬ್‌ನ ಶಬ್ದವೂ ಪ್ಯಾನೆಲ್‌ನ ಶಬ್ದವೂ ದೂರಕ್ಕೆ ಒಂದೇ ರೀತಿ ಇಳಿಯುವುದಿಲ್ಲ.

ಕೆಡುವುದು ಎಲ್ಲಿ, ಏಕೆ

ಟಿಕ್ ಟಿಕ್ ಸದ್ದು ಮಳೆಗಾಲದಲ್ಲಿ ಬಂದು ಬಿಸಿಲಿಗೆ ಹೋದರೆ ಅದು ತೇವ ಮತ್ತು ಧೂಳು ಸೇರಿ ಮಾಡಿದ ಸೋರಿಕೆ. ಕೋಣೆಯ ತೇವಾಂಶ ಶೇ. 60 ದಾಟದಂತೆ ನೋಡಿಕೊಳ್ಳಿ. ಪ್ಯಾನೆಲ್ ಸ್ವಚ್ಛಮಾಡಿ. ಬಿಸಿಲಲ್ಲೂ ಬಂದರೆ, ಒಂದೇ ಜಾಗದಿಂದ ಬಂದರೆ, ಸ್ಟೇಟರ್‌ನ ಹೊದಿಕೆ ಒಡೆದಿರಬಹುದು. ಒಳಗೆ ಸೇರಿದ ಪುಟ್ಟ ಹುಳುವೂ ಇದೇ ಸದ್ದು ಮಾಡಿಸುತ್ತದೆ.

ಒಂದು ಬದಿ ತಿಂಗಳುಗಳಲ್ಲಿ ನಿಧಾನಕ್ಕೆ ಕುಗ್ಗುತ್ತಿದ್ದರೆ ಬಯಾಸ್ ಸರಬರಾಜು ಇಲ್ಲವೇ ಲೇಪನ. ಟ್ರೆಬಲ್ ಮಾತ್ರ ಕಡಿಮೆಯಾಗಿದ್ದರೆ ಮೊದಲು ತಿರುವು ನೋಡಿ, ನೆಲ ಒರೆಸುವಾಗ ಯಾರಾದರೂ ಸರಿಸಿರುತ್ತಾರೆ. ಬಾಸ್‌ನಲ್ಲಿ ಮಾತ್ರ ಬರ್‌ರ್ ಎಂದರೆ ಪೊರೆ ಸಡಿಲವಾಗಿದೆ ಅಥವಾ ವಾಲ್ಯೂಮ್ ಮಿತಿ ಮೀರಿದೆ. 30ರಿಂದ 200 ಹರ್ಟ್ಜ್ ಸ್ವೀಪ್ ಅನ್ನು ಸಣ್ಣ ದನಿಯಲ್ಲಿ ಓಡಿಸಿ. ಸಣ್ಣ ದನಿಯಲ್ಲೂ ಬಂದರೆ ಪೊರೆ, ಜೋರಿನಲ್ಲಿ ಮಾತ್ರ ಬಂದರೆ ನಿಮ್ಮ ಕೈ. ಆಂಪ್ ಪದೇಪದೇ ಕಟ್ ಆಗುತ್ತಿದ್ದರೆ ಮೊದಲೇ ಹೇಳಿದ ಸರಣಿ ರೆಸಿಸ್ಟರ್ ಹಾಕಿ ನೋಡಿ, ಆಗಲೂ ನಿಲ್ಲದಿದ್ದರೆ ಆಂಪ್ ಈ ಹೊರೆಗೆ ಹುಟ್ಟಿದ್ದಲ್ಲ.

ಆರೈಕೆ

ಚಾರ್ಜ್ ಇರುವ ಪೊರೆ ಧೂಳನ್ನು ಸೆಳೆಯುತ್ತದೆ, ತಪ್ಪಿಸಲಾಗದು. ಸ್ಟೇಟರ್ ಹೊರಗೇ ಕಾಣುವ ಮಾದರಿಯಾದರೆ ಮೂರು ತಿಂಗಳಿಗೊಮ್ಮೆ ಹಿಂದಿನ ರಾತ್ರಿ ಪ್ಲಗ್ ಕಿತ್ತಿಟ್ಟು, ಬೆಳಿಗ್ಗೆ ಮೆತ್ತನೆಯ ಬ್ರಷ್ ಹಾಕಿದ ವ್ಯಾಕ್ಯೂಮ್ ಕ್ಲೀನರ್ ಅನ್ನು ಮುಂಬದಿಯಿಂದ ಹಗುರವಾಗಿ ಆಡಿಸಿ. ಚಾರ್ಜ್ ಹೋದ ಪೊರೆ ಧೂಳನ್ನು ಬಿಟ್ಟುಕೊಡುತ್ತದೆ, ಚಾರ್ಜ್ ಇರುವಾಗ ಎಷ್ಟು ಎಳೆದರೂ ಬಿಡುವುದಿಲ್ಲ. ಕ್ವಾಡ್‌ನಂತೆ ಧೂಳು ತಡೆಯಲು ಬೇರೆಯೇ ತೆಳು ಹಾಳೆ ಇರುವವಕ್ಕೆ ವ್ಯಾಕ್ಯೂಮ್ ತಾಗಿಸಬೇಡಿ, ಆ ಹಾಳೆ ಹರಿಯುತ್ತದೆ. ನೀರು, ಸ್ಪ್ರೇ, ಒದ್ದೆ ಬಟ್ಟೆ ಯಾವುದೂ ಬೇಡ. ನೇರ ಬಿಸಿಲು ಪೊರೆಯನ್ನು ವರ್ಷಗಳಲ್ಲಿ ಪೆಡಸು ಮಾಡುತ್ತದೆ. ಗುಡುಗು ಸಿಡಿಲಿನ ಮಳೆ ಬಂದರೆ ಎರಡೂ ಪ್ಲಗ್ ಕಿತ್ತಿಡಿ. ಊರಿಗೆ ಹೋಗುವಾಗಲೂ ಅಷ್ಟೆ. ವಾಪಸ್ ಬಂದು ಪ್ಲಗ್ ಹಾಕಿದ ಮೇಲೆ ಮೊದಲ ಒಂದು ಗಂಟೆಯ ದನಿಯನ್ನು ನೋಡಿ ಪ್ಯಾನೆಲ್ ಜಾಗ ಬದಲಿಸಲು ಹೋಗಬೇಡಿ.